ನಿಮ್ಮ ಕೂದಲಿಗೆ ನಮ್ಮಲ್ಲಿ ಮೆಷಿನ್ ಇಲ್ಲ

ಬಾಯಿಮಾತಿನಲ್ಲಿ ನಾನು ದೊಡ್ಡ ಮನುಷ್ಯ. ಮನುಷ್ಯರೆಲ್ಲ ಒಂದೇ, ಬಣ್ಣ ಬರೀ ತೊಗಲಿನದು, ಒಳಗೆ ಹರಿಯುವ ರಕ್ತ ಎಲ್ಲರದೂ ಕೆಂಪು. ಊಟದ ತಟ್ಟೆ ಮುಂದೆ ಕೂತರೆ ಸಾಕು, ಇಂಥ ಮಾತುಗಳು ನನ್ನ ಬಾಯಿಂದ ತಡೆಯಿಲ್ಲದೆ ಬರುತ್ತವೆ. ರಕ್ತದ ವಿಷಯವಂತೂ ನನಗೆ ಖಾತ್ರಿಯಾಗಿ ಗೊತ್ತು. ನಾನು ಕ್ಷೌರದವನು. ಕೈ ಜಾರಿದಾಗಲೆಲ್ಲ ನೋಡಿದ್ದೇನೆ.

ಆದರೆ ನಾನು ನೋಡಿದ್ದು ಎರಡು ಬಣ್ಣದವರ ರಕ್ತ. ಮೂರನೆಯವರದು ನೋಡಿರಲಿಲ್ಲ. ಅವರನ್ನು ನಾನು ಮುಟ್ಟಿಯೇ ಇರಲಿಲ್ಲ.

ನಮ್ಮ ಊರಿನಲ್ಲಿ ಮೂರು ಬಣ್ಣದ ಜನ. ಬಿಳಿಯರು, ಕರಿಯರು, ನಡುವೆ ನಾವು. ಬಿಳಿಯರ ಕಣ್ಣಿಗೆ ನಾವು ಕರಿಯರ ಪಕ್ಕದವರು. ನಮ್ಮ ಕಣ್ಣಿಗೆ ನಾವು ಬಿಳಿಯರ ಪಕ್ಕದವರು. ಕರಿಯರ ಕಣ್ಣಿಗೆ ನಾವು ಏನು ಅಂತ ನಾವು ಯಾವತ್ತೂ ಕೇಳಲಿಲ್ಲ.

ಅಂಗಡಿ ನನ್ನದಲ್ಲ. ಭಾವನದು, ಅಂದರೆ ಹೆಂಡತಿಯ ಅಣ್ಣನದು. ಬೀದಿ ಕಡೆಯ ಕುರ್ಚಿ ಅವನದು, ಒಳಗೋಡೆ ಕಡೆಯದು ನನ್ನದು. ಬೆಳಿಗ್ಗೆ ನಿಂತರೆ ಸಂಜೆಯವರೆಗೆ ನಿಲ್ಲಬೇಕು. ಎಡಗಾಲಿನ ನರ ಹಗ್ಗದ ಹಾಗೆ ಉಬ್ಬಿದೆ. ಕತ್ತರಿಸಿದ ಕೂದಲು ಬೆರಳ ಸಂದಿಯಲ್ಲಿ ಮುಳ್ಳಿನ ಹಾಗೆ ಚುಚ್ಚಿಕೊಂಡು ಕೀವಾಗುತ್ತದೆ. ಸ್ನಾನ ಮಾಡಿದರೂ ಕುತ್ತಿಗೆಯಲ್ಲಿ ಬೇರೆಯವರ ಕೂದಲು ಸಿಗುತ್ತದೆ. ರಾತ್ರಿ ಹೆಂಡತಿ ಅದನ್ನು ಹೆಕ್ಕಿ ತೆಗೆದು, ಇದು ಯಾರದು ಅಂತ ಕೇಳುತ್ತಾಳೆ. ಬೇರೆ ಗಂಡಸರಾದರೆ ಹೆದರಬೇಕಾದ ಪ್ರಶ್ನೆ.

ನಮ್ಮ ಗಿರಾಕಿಗಳಲ್ಲಿ ಬ್ಯಾಂಕಿನವರು ಅಂತ ಒಬ್ಬರಿದ್ದಾರೆ. ಬಿಳಿಯರು. ತಮ್ಮ ಬಾಚಣಿಗೆ, ತಮ್ಮ ಟವೆಲು ತಾವೇ ತರುತ್ತಾರೆ. ಭಾವ ಇಲ್ಲದ ದಿನ ನನ್ನ ಕುರ್ಚಿಗೆ ಬಂದರೆ, ಅವರ ಕಣ್ಣೆದುರಿಗೆ ನಾನು ಸೋಪು ಹಾಕಿ ಕೈ ತೊಳೆಯಬೇಕು. ತೊಳೆದ ಮೇಲೆ ಇನ್ನೊಂದು ಸಲ ಅನ್ನುತ್ತಾರೆ. ತೊಳೆಯುತ್ತೇನೆ. ತಲೆ ಕೊಡುತ್ತಾರೆ, ಕೈ ಕೊಡುವುದಿಲ್ಲ. ಭಾವ ಇದನ್ನು ಸ್ವಚ್ಛತೆ ಅನ್ನುತ್ತಾನೆ. ನನ್ನ ಕಸುಬಿನಲ್ಲಿ ಇರುವುದು ಒಂದೇ ಒಂದು ಅಧಿಕಾರ. ಎಂಥ ದೊಡ್ಡವರಿಗೂ ತಲೆ ಬಗ್ಗಿಸಿ ಅನ್ನಬಹುದು. ಬಗ್ಗಿಸುತ್ತಾರೆ. ಆ ಒಂದು ನಿಮಿಷ ನಾನು ರಾಜ. ಆಮೇಲೆ ಕುತ್ತಿಗೆಯ ಪೌಡರು ಒರೆಸುತ್ತೇನೆ.

ಕೆಲಸಕ್ಕೆ ಸೇರಿದ ದಿನವೇ ಭಾವ ನನಗೆ ಒಂದು ವಾಕ್ಯ ಕಲಿಸಿದ. ಕರಿಯರು ಬಂದರೆ ಹೇಳಬೇಕಾದ ವಾಕ್ಯ. ‘ಕ್ಷಮಿಸಿ ಸರ್, ನಿಮ್ಮ ಕೂದಲಿಗೆ ನಮ್ಮಲ್ಲಿ ಮೆಷಿನ್ ಇಲ್ಲ.’ ಬೋರ್ಡು ಹಾಕಿದರೆ ಕೇಸಾಗುತ್ತದೆ, ಮಾತಿಗೆ ಸಾಕ್ಷಿ ಇಲ್ಲ ಅಂತ ವಿವರಿಸಿದ. ಕರಿಯ ತಲೆ ಕೂತ ಕುರ್ಚಿಯಲ್ಲಿ ಬ್ಯಾಂಕಿನವರು ಕೂರುವುದಿಲ್ಲ, ನಮ್ಮ ಹತ್ತಿರ ಬರುವುದೇ ಅವರು ಮನಸ್ಸಿಲ್ಲದೆ, ಅದನ್ನೂ ಕಳೆದುಕೊಂಡರೆ ಹೊಟ್ಟೆಗೇನು ಅಂದ. ವಾಕ್ಯ ಹೇಳುವ ಕೆಲಸ ನನಗೆ ವಹಿಸಿದ್ದಕ್ಕೂ ಕಾರಣವಿತ್ತು. ನನ್ನದು ಪಾಪದ ಮುಖ. ನಾನು ಹೇಳಿದರೆ ಯಾರಿಗೂ ಕೋಪ ಬರುವುದಿಲ್ಲ.

ಹೌದು, ಯಾರಿಗೂ ಬರಲಿಲ್ಲ. ಕನ್ನಡಿಯ ಪಕ್ಕ ಮೊಳೆಯಲ್ಲಿ ಮೆಷಿನ್ ನೇತಾಡುತ್ತಿತ್ತು. ಬಂದವರು ಅದನ್ನು ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಹೋಗುತ್ತಿದ್ದರು. ಒಬ್ಬರಾದರೂ ಜಗಳ ಆಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾನೂ ನೊಂದವನ ಹಾಗೆ ಮುಖ ಮಾಡಬಹುದಿತ್ತು. ಆ ಅವಕಾಶವನ್ನೂ ಅವರು ಕೊಡಲಿಲ್ಲ. ಈಗ ನೇತಾಡುತ್ತಿರುವ ಮೆಷಿನ್ ಹೊಸದು. ಮಗಳು ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಂಬಳದಲ್ಲಿ ಕೊಡಿಸಿದ್ದು. ಅಪ್ಪನ ಕೈ ನೋಯಬಾರದು ಅಂತ ಹಗುರದ್ದೇ ಹುಡುಕಿ ತಂದಿದ್ದಳು. ಅದನ್ನು ಮೊಳೆಗೆ ನೇತುಹಾಕಿದ ದಿನ ಮಧ್ಯಾಹ್ನ ಒಬ್ಬರು ಮುದುಕರು ಬಂದರು. ಕರಿಯರು. ಅದರ ಕೆಳಗೇ ನಿಂತು ನಾನು ನನ್ನ ವಾಕ್ಯ ಹೇಳಿದೆ.

ಮನೆಯ ವಿಷಯಕ್ಕೆ ಬರುತ್ತೇನೆ. ಹೆಂಡತಿ ಆಸ್ಪತ್ರೆಯಲ್ಲಿ ಆಯಾ. ರೋಗಿಗಳನ್ನು ಎತ್ತುತ್ತಾಳೆ, ಮಗ್ಗುಲು ಹೊರಳಿಸುತ್ತಾಳೆ, ಹೇಲು ಉಚ್ಚೆ ತೆಗೆಯುತ್ತಾಳೆ. ಸೊಂಟ ಹೋಗಿದೆ. ಬಾಯಿ ಮಾತ್ರ ನೆಟ್ಟಗಿದೆ. ಬಣ್ಣದ ವಿಷಯದಲ್ಲಿ ಅವಳದು ನೇರ ಮಾತು. ಸ್ನೇಹ ಇರಲಿ, ಸಂಬಂಧ ಬೇಡ. ಅವರ ಪಾಡು ಅವರಿಗೆ, ನಮ್ಮ ಪಾಡು ನಮಗೆ.

ಮಗಳು ಚಿಕ್ಕವಳಿದ್ದಾಗ ಶಾಲೆಯಿಂದ ಒಬ್ಬಳು ಗೆಳತಿಯನ್ನು ಕರೆತಂದಿದ್ದಳು. ಕರಿಯ ಹುಡುಗಿ. ಹೆಂಡತಿ ಅವಳಿಗೆ ತಿನ್ನಲು ಕೊಟ್ಟಳು, ತಲೆ ಸವರಲಿಲ್ಲ. ಅವಳು ಹೋದ ಮೇಲೆ, ಶಾಲೆಯ ಸ್ನೇಹ ಶಾಲೆಯಲ್ಲೇ ಇರಲಿ ಅಂತ ಮಗಳಿಗೆ ಹೇಳಿದಳು. ಮಾರನೆಯ ಬೆಳಿಗ್ಗೆ ಮಗಳ ತಲೆ ಬಾಚುತ್ತ ನಾನು ದೊಡ್ಡ ಭಾಷಣ ಮಾಡಿದೆ. ಅಮ್ಮ ಹೇಳಿದ್ದು ತಪ್ಪು, ಯಾರನ್ನೂ ಬಣ್ಣ ನೋಡಿ ಅಳೆಯಬಾರದು, ಯಾರ ಮನೆಗಾದರೂ ಹೋಗು, ಯಾರನ್ನಾದರೂ ಕರೆದುಕೊಂಡು ಬಾ. ಅವಳಿಗೆ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಕೆನ್ನೆ ತಟ್ಟಿ ಕಳಿಸಿದೆ. ಆಮೇಲೆ ಅಂಗಡಿಗೆ ಹೋಗಿ ವಾಕ್ಯ ಹೇಳಿದೆ.

ಹೀಗೆ ನಾವಿಬ್ಬರೂ ಸೇರಿ ಒಂದು ಮಗು ಬೆಳೆಸಿದೆವು. ಅವಳು ಬೇಡ ಅಂದಳು, ನಾನು ಇರಲಿ ಅಂದೆ. ಮಗಳು ನನ್ನನ್ನು ನಂಬಿದಳು. ಮಕ್ಕಳಿಗೆ ಬುದ್ಧಿ ಕಡಿಮೆ.

ಈಗ ಮಗಳು ದೊಡ್ಡದೊಂದು ಕಟ್ಟಡದಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದಾಳೆ. ಒಂದು ದಿನ ಅಲ್ಲಿನ ಲಿಫ್ಟ್ ನಡುವೆ ಕೆಟ್ಟು ನಿಂತು ಒಳಗೆ ಸಿಕ್ಕಿಕೊಂಡಿದ್ದಳು. ಲಿಫ್ಟ್ ರಿಪೇರಿ ಹುಡುಗ ಬಂದು ಬಾಗಿಲು ಸರಿಸಿ ಹೊರಗೆ ಎಳೆದುಕೊಂಡ. ಮುಂದಿನದನ್ನು ನೀವೇ ಊಹಿಸಬಹುದು. ನಾವು ಮಾತ್ರ ಊಹಿಸಿರಲಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಅವಳು, ಅವನನ್ನೇ ಮದುವೆಯಾಗುತ್ತೇನೆ, ಅವನು ಕರಿಯ, ಶನಿವಾರ ಮನೆಗೆ ಕರೆದಿದ್ದೇನೆ ಅಂದಳು. ಮೂರೂ ಒಂದೇ ಉಸಿರಿನಲ್ಲಿ.

ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಎದೆ ಉಬ್ಬಿಸಿ, ನನ್ನ ಮಗಳು ಅಂದರೆ ಹೀಗಿರಬೇಕು ಅಂದೆ. ಮಗಳು ಬಂದು ನನ್ನ ಕುತ್ತಿಗೆ ತಬ್ಬಿಕೊಂಡಳು. ಆ ಗಳಿಗೆಯಲ್ಲಿ ನನಗೆ ನನ್ನ ಮೇಲೆ ಎಂಥ ಗೌರವ ಬಂತು ಅಂದರೆ, ಕನ್ನಡಿ ಇದ್ದಿದ್ದರೆ ನಮಸ್ಕಾರ ಮಾಡುತ್ತಿದ್ದೆ.

ಅಡುಗೆಮನೆಗೆ ಹೋದಾಗ ಹೆಂಡತಿ ಪಾತ್ರೆ ತಿಕ್ಕುತ್ತಿದ್ದಳು. ತಿರುಗಿ ನೋಡಲಿಲ್ಲ.

“ನಮ್ಮ ವಾರ್ಡಲ್ಲಿ ಎರಡು ಸಾಲು ಹಾಸಿಗೆ. ಗೋಡೆ ಕಡೆ ಸಾಲು ಅವರದು. ಆ ಸಾಲಿನ ಬೆಲ್ ಹೊಡ್ಕೊಳ್ತಾನೇ ಇರುತ್ತೆ, ಯಾರೂ ಹೋಗಲ್ಲ. ನಾಳೆ ಇವಳು ಅವನ ಹೆಂಡ್ತಿ ಅಂತ ಆ ಸಾಲಲ್ಲಿ ಮಲಗಿ, ಹೆರಿಗೆ ನೋವಲ್ಲಿ ಬೆಲ್ ಒತ್ತಿದ್ರೆ?”

ಕಾಲ ಬದಲಾಗುತ್ತದೆ ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅವರ ಜನವೂ ಸರಿಯಿಲ್ಲ, ಒಬ್ಬರು ಹಾಸಿಗೆಯಲ್ಲಿ ಮಲಗಿದರೆ ಮನೆಮಂದಿಯೆಲ್ಲ ಬಂದು ಸುತ್ತ ನೆಲದ ಮೇಲೆ ಕೂರುತ್ತಾರೆ, ಎದ್ದು ಹೋಗಿ ಅಂದರೂ ಹೋಗುವುದಿಲ್ಲ, ನೆಲ ಒರೆಸಲು ಜಾಗ ಇರುವುದಿಲ್ಲ, ಇಂಥ ಗುಂಪಿನಲ್ಲಿ ಇವಳು ಹೇಗೆ ಬಾಳುತ್ತಾಳೆ ಅಂತ ಗೊಣಗಿದಳು. ನಾನು ಪಟ್ಟು ಬಿಡದೆ, ಎಲ್ಲಾ ಬದಲಾಗುತ್ತದೆ ಕಣೇ, ಯಾರಾದರೂ ಶುರು ಮಾಡಬೇಕು ಅಂದೆ. ಆಗ ತಿರುಗಿದಳು. ಮಗಳಿಗೆ ಕೇಳದ ಹಾಗೆ ದನಿ ತಗ್ಗಿಸಿದಳು.

“ಯಾರು, ನೀವಾ? ಅವರ ತಲೆ ಮುಟ್ಟಲ್ಲ, ಮಗಳನ್ನ ಕೊಡ್ತೀರಾ?”

ಅಣ್ಣನ ಅಂಗಡಿಯಲ್ಲವೇ, ಅವಳಿಗೆ ಮೊದಲಿನಿಂದ ಗೊತ್ತಿತ್ತು. ಇಷ್ಟು ವರ್ಷ ನನ್ನ ಭಾಷಣ ಕೇಳಿಯೂ ಮಗಳ ಮುಂದೆ ಒಮ್ಮೆಯೂ ಅದನ್ನು ಆಡಿ ತೋರಿಸಿರಲಿಲ್ಲ. ನನಗೆ ಸಿಕ್ಕ ಮರ್ಯಾದೆ ಅಂತ ಏನಾದರೂ ಇದ್ದರೆ ಅದೇ. ನಾನು ಅದನ್ನು ವಾದದಲ್ಲಿ ಗೆದ್ದದ್ದು ಅಂದುಕೊಂಡಿದ್ದೆ.

ಶನಿವಾರ ಅಂಗಡಿಯಲ್ಲಿ ಜನ ತುಂಬಿದ್ದರು. ಕ್ಷೌರದವನು ಮುಖ ನೋಡುವುದಿಲ್ಲ. ಬಾಗಿಲು ಕಿರ್ ಅಂದರೆ ಕನ್ನಡಿಯಲ್ಲಿ ತಲೆ ನೋಡುತ್ತಾನೆ. ಎಷ್ಟು ಹೊತ್ತಿನ ಕೆಲಸ, ಕತ್ತರಿಯೋ ಮೆಷಿನ್ನೋ, ಅಷ್ಟೇ ಲೆಕ್ಕ. ಮಧ್ಯಾಹ್ನ ಬಾಗಿಲು ಕಿರ್ ಅಂತು. ಕನ್ನಡಿಯಲ್ಲಿ ಒಂದು ತಲೆ ಕಂಡಿತು. ದಟ್ಟ ಗುಂಗುರು, ಕಪ್ಪು, ಚೆನ್ನಾಗಿ ಬೆಳೆದಿತ್ತು. ನಾನು ಯಾರದೋ ಕಿವಿಯ ಹಿಂದೆ ಕತ್ತರಿ ಆಡಿಸುತ್ತಿದ್ದೆ. ಕತ್ತರಿ ನಿಲ್ಲಿಸಲಿಲ್ಲ, ತಲೆ ತಿರುಗಿಸಲಿಲ್ಲ.

“ಕ್ಷಮಿಸಿ ಸರ್, ನಿಮ್ಮ ಕೂದಲಿಗೆ ನಮ್ಮಲ್ಲಿ ಮೆಷಿನ್ ಇಲ್ಲ.”

ಬಂದವನು ಒಂದು ಕ್ಷಣ ನಿಂತ. ಆಮೇಲೆ, ಪರವಾಗಿಲ್ಲ ಸರ್ ಅಂದ. ದನಿ ಮೆತ್ತಗಿತ್ತು. ಬಾಗಿಲು ಮತ್ತೆ ಕಿರ್ ಅಂತು. ನಾನು ಕಿವಿಯ ಹಿಂದಿನ ಕೂದಲು ಊದಿದೆ.

ಸಂಜೆ ಒಗೆದ ಅಂಗಿ ಹಾಕಿಕೊಂಡು ಮನೆ ಬಾಗಿಲಲ್ಲಿ ನಿಂತೆ. ಬಾಯಿ ತುಂಬ ಸ್ವಾಗತ ಸಿದ್ಧವಾಗಿತ್ತು. ಮಗಳ ಹಿಂದೆ ಅವನು ಮೆಟ್ಟಿಲು ಹತ್ತಿ ಬಂದ. ಮೊದಲು ಕಂಡದ್ದು ತಲೆ. ತಲೆಗಳ ವಿಷಯದಲ್ಲಿ ನನಗೆ ಮರೆವಿಲ್ಲ.

ಅವನು ನನ್ನನ್ನು ಮೊದಲ ಸಲ ನೋಡಿದವನ ಹಾಗೆ ನಮಸ್ಕಾರ ಅಂಕಲ್ ಅಂದ. ಹೊಸ ಅಂಗಿ, ಉಜ್ಜಿ ತೊಳೆದ ಕೈ. ಉಗುರಿನ ಅಂಚಿನಲ್ಲಿ ಮಾತ್ರ ಗ್ರೀಸು ಉಳಿದಿತ್ತು. ನನ್ನ ಬಾಯಲ್ಲಿದ್ದ ಸ್ವಾಗತವೆಲ್ಲ ಎಲ್ಲಿಗೆ ಹೋಯಿತೋ. ಬಾ ಅನ್ನಲೋ ಬನ್ನಿ ಅನ್ನಲೋ ತಿಳಿಯದೆ ಬರೀ ತಲೆ ಆಡಿಸಿದೆ.

ಊಟಕ್ಕೆ ಕೂತೆವು. ಹೆಂಡತಿ ಬಡಿಸಿದಳು. ಮಗಳಿಗೆ ಸಂಭ್ರಮ.

“ಇವನಿಗೆ ಹೇಳಿದ್ದೆ ಅಪ್ಪ, ಮೊದಲು ನಮ್ಮಪ್ಪನ ಅಂಗಡಿಗೆ ಹೋಗಿ ಕಟಿಂಗ್ ಮಾಡಿಸ್ಕೊ, ಅಪ್ಪನ ಕೈಗೆ ತಲೆ ಕೊಟ್ರೆ ಅರ್ಧ ಪರಿಚಯ ಆದ ಹಾಗೆ ಅಂತ. ಹೋದ್ರೆ ಅಂಗಡಿ ಮುಚ್ಚಿತ್ತಂತೆ.”

ನಾನು ಹಗ್ಗ ಸಿಕ್ಕವನ ಹಾಗೆ ಹಿಡಿದುಕೊಂಡೆ. ಹೌದು, ಕರೆಂಟು ಹೋಗಿತ್ತು, ಭಾವ ಮುಚ್ಚಿಬಿಟ್ಟ ಅಂದೆ. ಮಗಳು ತುತ್ತು ನಿಲ್ಲಿಸಿದಳು. ಭಾವನಿಗೆ ಹುಷಾರಿಲ್ಲ ಅಂತ ಬಾಗಿಲಲ್ಲಿ ಯಾರೋ ಹೇಳಿದರು ಅಂತ ಅವನು ಅವಳಿಗೆ ಹೇಳಿದ್ದನಂತೆ. ನನ್ನನ್ನು ಉಳಿಸಲು ಅವನು ಕಟ್ಟಿದ ಸುಳ್ಳು ಒಂದು, ನಾನು ಕಟ್ಟಿದ್ದು ಇನ್ನೊಂದು. ಸುಳ್ಳು ಹೇಳುವುದರಲ್ಲೂ ನನಗೆ ಮಂದಿಯ ಜೊತೆ ಹೊಂದಿಕೊಳ್ಳಲು ಬರುವುದಿಲ್ಲ.

ಮಗಳು ಅವನ ಮುಖ ನೋಡಿದಳು. ಅವನು ತಟ್ಟೆ ನೋಡಿದ. ನನ್ನ ಮೇಲಿನ ಕನಿಕರದಿಂದಲೇ ಬಾಯಿ ಬಿಟ್ಟ.

“ಏನಿಲ್ಲ. ನನ್ನ ಕೂದಲಿಗೆ ಮೆಷಿನ್ ಇರ್ಲಿಲ್ಲ ಅಷ್ಟೇ. ಅಂಕಲ್ ಮರ್ಯಾದೆಯಾಗೇ ಹೇಳಿದ್ರು.”

“ಮೆಷಿನ್ ನಾನೇ ತಂದ್ಕೊಟ್ಟಿದ್ದೀನಲ್ಲ” ಅಂದಳು ಮಗಳು.

ಹೆಂಡತಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. ಅವಳು ಬೇಕಿದ್ದರೆ ಗೆದ್ದ ನಗು ನಗಬಹುದಿತ್ತು. ನಗಲಿಲ್ಲ. ಮಗಳು ಒಂದೊಂದೇ ಕೇಳಿದಳು. ಎಷ್ಟು ವರ್ಷದಿಂದ ಅಂತ ಕೇಳಿದಳು. ನೀನು ಹುಟ್ಟುವ ಮೊದಲಿನಿಂದ ಅಂದೆ. ನನ್ನ ತಲೆ ಬಾಚ್ತಿದ್ದ ಕಾಲದಲ್ಲೂನಾ ಅಂದಳು. ಹೌದು ಅಂದೆ. ಹೊಟ್ಟೆಪಾಡು, ಭಾವನ ಅಂಗಡಿ, ನನ್ನ ಕೈಯಲ್ಲೇನಿದೆ ಅಂತ ಶುರು ಮಾಡಿದೆ. ಕೈ ಅನ್ನುವ ಮಾತು ಬಾಯಿಗೆ ಬಂದ ಕೂಡಲೇ ನನಗೇ ಅಸಹ್ಯವಾಗಿ ನಿಲ್ಲಿಸಿದೆ.

ಅವಳು ಕೋಣೆಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಬಂದಳು. ಜೊತೆ ಕೆಲಸದವಳ ರೂಮಿನಲ್ಲಿ ಇರುತ್ತೇನೆ ಅಂದಳು. ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ.

“ಅಮ್ಮ ಬೇಡ ಅಂತಾಳೆ, ಅವಳ ಜೊತೆ ಜಗಳ ಆಡಬಹುದು. ನೀನು ಬಾ ಬಾ ಅಂತ ಕರೆದು ಬಾಗಿಲು ಹಾಕ್ತೀಯ. ನಿನ್ನ ಜೊತೆ ಏನು ಮಾಡ್ಲಿ ಅಪ್ಪ?”

ಅವಳು ಹೋದಳು. ಹುಡುಗ ಅರ್ಧ ಊಟ ಬಿಟ್ಟು, ಕೈ ತೊಳೆದು, ಹೆಂಡತಿಗೆ ಊಟ ಚೆನ್ನಾಗಿತ್ತು ಆಂಟಿ ಅಂತ ಹೇಳಿ ಅವಳ ಹಿಂದೆ ಇಳಿದ. ಹೆಂಡತಿ ಕೂತು ಅತ್ತಳು. ನಾನೂ ಅತ್ತೆ. ಆದರೆ ನನ್ನ ಅಳು ನನಗೇ ನಾಟಕದ ಹಾಗೆ ಕೇಳಿಸಿತು, ಎದ್ದು ಪಾತ್ರೆ ತೊಳೆದೆ.

ಮಗಳಿಲ್ಲದ ಮನೆಯಲ್ಲಿ ಭಾಷಣಕ್ಕೆ ಜನರೇ ಇಲ್ಲ. ಆ ವಾರವಿಡೀ ನಾವಿಬ್ಬರೂ ಬೆಕ್ಕುಗಳ ಹಾಗೆ ಸದ್ದಿಲ್ಲದೆ ಓಡಾಡಿದೆವು. ಮಗಳು ಫೋನ್ ಎತ್ತುವ ಕೆಲಸದವಳು, ನನ್ನ ಫೋನ್ ಮಾತ್ರ ಎತ್ತಲಿಲ್ಲ. ಕೊನೆಗೆ ನಾನು ಆ ಹುಡುಗ ಕೆಲಸ ಮಾಡುವ ಕಟ್ಟಡ ಹುಡುಕಿಕೊಂಡು ಹೋದೆ. ಅವನು ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಮೊಣಕಾಲೂರಿ ಕೂತು ಕಬ್ಬಿಣದ ಹಗ್ಗಕ್ಕೆ ಗ್ರೀಸು ಹಚ್ಚುತ್ತಿದ್ದ. ನಾನು ಮೇಲೆ, ಅವನು ಕೆಳಗೆ. ಹಾಗಿದ್ದರೂ ತಲೆ ತಗ್ಗಿಸಿ ನಿಂತವನು ನಾನು. ಶನಿವಾರ ಅಂಗಡಿಗೆ ಬಾ, ನನ್ನ ಕುರ್ಚಿಯಲ್ಲಿ ಕೂರು ಅಂದೆ.

ಬೇಡ ಅಂಕಲ್, ನನ್ನ ತಲೆ ನಮ್ಮಮ್ಮನೇ ಮನೆಯಲ್ಲಿ ಕತ್ತರಿಸುತ್ತಾರೆ, ಅವತ್ತು ಬಂದದ್ದು ಕಟಿಂಗ್‌ಗಲ್ಲ, ನಿಮ್ಮನ್ನು ನೋಡಲು ಅಂದ. ನಾನು ಬಿಡಲಿಲ್ಲ. ಒಂದೇ ಸಲ ಬಾ ಅಂದೆ. ಅವನು ಬಟ್ಟೆ ತುಂಡಿಗೆ ಕೈ ಒರೆಸಿಕೊಂಡು ನನ್ನನ್ನು ನೋಡಿದ.

“ನಿಮ್ಮ ಸಮಾಧಾನಕ್ಕೆ ನನ್ನ ತಲೆ ಬೇಕಾ ಅಂಕಲ್?”

ಹೌದು ಅಂದೆ. ಆ ವಾರ ನಾನು ಆಡಿದ ನಿಜವಾದ ಮಾತು ಅದೊಂದೇ. ಅದಕ್ಕೇ ಇರಬೇಕು, ಅವನು ನಕ್ಕು ಒಪ್ಪಿಕೊಂಡ.

ಶನಿವಾರ ಬಂದ. ಬೆಂಚಿನ ತುದಿಯಲ್ಲಿ ಕೂತ. ಪಕ್ಕದಲ್ಲಿದ್ದವರಿಗೆಲ್ಲ ಇದ್ದಕ್ಕಿದ್ದ ಹಾಗೆ ಪೇಪರ್ ಓದುವ ಚಟ ಹತ್ತಿತು. ಭಾವನ ಕುರ್ಚಿಯಲ್ಲಿ ಬ್ಯಾಂಕಿನವರಿದ್ದರು, ತಲೆ ಅರ್ಧ ಆಗಿತ್ತು. ಭಾವ ಕನ್ನಡಿಯಲ್ಲೇ ನನಗೆ ಕಣ್ಣು ತೋರಿಸಿದ. ನಾನು ಬಾಯಿ ತೆರೆದೆ. ನೀವು ನಂಬುವುದಿಲ್ಲ, ಅಷ್ಟಾದ ಮೇಲೂ ನಾಲಿಗೆಯ ತುದಿಗೆ ಬಂದದ್ದು ಅದೇ ವಾಕ್ಯ. ‘ಕ್ಷಮಿಸಿ ಸರ್’ ಅನ್ನುವವರೆಗೆ ಬಂದೂ ಬಿಟ್ಟಿತು. ಮುಂದಿನದನ್ನು ಕಚ್ಚಿ ನಿಲ್ಲಿಸಿದೆ. ಮೊಳೆಯಿಂದ ಮೆಷಿನ್ ತೆಗೆದೆ.

“ಬನ್ನಿ, ಕೂತ್ಕೊಳ್ಳಿ” ಅಂದೆ.

ಅವನು ಬಂದು ಕೂತ. ನಾನು ಬಟ್ಟೆ ಹೊದಿಸಿದೆ. ಭಾವ ಕತ್ತರಿ ನಿಲ್ಲಿಸಿದ.

“ಏನಯ್ಯ, ಅವರಿಗೆ ಹೇಳು.”

“ಹೇಳಲ್ಲ ಭಾವ.”

“ಮೆಷಿನ್ ಇಲ್ಲ ಅಂತ ಹೇಳು.”

“ಕೈಯಲ್ಲೇ ಇದೆಯಲ್ಲ ಭಾವ.”

ಬ್ಯಾಂಕಿನವರು ಎದ್ದರು. ತಮ್ಮ ಬಾಚಣಿಗೆ, ತಮ್ಮ ಟವೆಲು ತೆಗೆದುಕೊಂಡು ಬಾಗಿಲವರೆಗೆ ಗಂಭೀರವಾಗಿ ನಡೆದರು. ಬಾಗಿಲಿನ ಗಾಜಿನಲ್ಲಿ ತಮ್ಮ ತಲೆ ಕಂಡಿತು. ಒಂದು ಕಡೆ ಕೂದಲು, ಇನ್ನೊಂದು ಕಡೆ ಚರ್ಮ. ಹೊರಗೆ ಶನಿವಾರದ ಬೀದಿ. ಸ್ವಲ್ಪ ಹೊತ್ತು ಹಾಗೇ ನಿಂತರು. ಮರಳಿ ಬಂದು ಕೂತರು. ಬಣ್ಣ ಬಿಟ್ಟು ಬದುಕಬಹುದು, ಅರ್ಧ ತಲೆಯಲ್ಲಿ ಬದುಕಲಾಗದು ಅಂತ ಅವರಿಗೂ ಅವತ್ತು ತಿಳಿದಿರಬೇಕು.

ಭಾವ ಕೂಗಾಡಲಿಲ್ಲ. ಸಂಬಂಧಿಕ ಅಂತ ಇಷ್ಟು ದಿನ ಇಟ್ಟುಕೊಂಡಿದ್ದೆ, ನಾಳೆಯಿಂದ ಬರಬೇಡ ಅಂದ. ಈ ಒಂದು ತಲೆಯಿಂದ ಎಷ್ಟು ತಲೆ ಕಳೆದುಕೊಳ್ಳುತ್ತೇನೆ ಗೊತ್ತಾ ಅಂದ. ನನ್ನ ತಂಗಿಗೆ ಏನು ಉತ್ತರ ಹೇಳುತ್ತೀಯೋ ಹೇಳಿಕೋ ಅಂದ. ನಾನು ಮರುಮಾತಾಡಲಿಲ್ಲ. ಮಾತಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಜೀವನದಲ್ಲೇ ಬಂದಿರಲಿಲ್ಲ, ಆದರೆ ನನಗೆ ಬೇರೆ ಚಿಂತೆ ಹತ್ತಿತ್ತು. ಮೆಷಿನ್ ಓಡುತ್ತಿರಲಿಲ್ಲ.

ಅದಕ್ಕೆ ಪ್ಲಾಸ್ಟಿಕ್ ಬಾಚಣಿಗೆ ಸಿಕ್ಕಿಸಿ ನಾನು ನಮ್ಮ ತಲೆಗಳಿಗೆ ಆಡಿಸುವ ಹಾಗೆ ಆಡಿಸಿದೆ. ಆ ಗುಂಗುರಿನಲ್ಲಿ ಅದು ಸಿಕ್ಕಿ ನಿಂತಿತು. ಬಿಡಿಸಿ ಮತ್ತೆ ಒತ್ತಿದೆ. ಎಳೆದು ಅವನಿಗೆ ನೋವಾಯಿತು, ಭುಜ ಬಿಗಿದುಕೊಂಡ. ಬಾಚಣಿಗೆ ತೆಗೆದು ಬರೀ ಮೆಷಿನ್ ಇಟ್ಟು ಒಂದಿಷ್ಟು ಒತ್ತಿದೆ. ಹಣೆಯಿಂದ ನೆತ್ತಿಯವರೆಗೆ ಒಂದು ಬೋಳು ರಸ್ತೆ ಬಿದ್ದಿತು. ಮಧ್ಯದಲ್ಲಿ ಸಣ್ಣದಾಗಿ ಚರ್ಮ ಕಿತ್ತು ಒಂದು ಹನಿ ಮೂಡಿತು. ಕೆಂಪಗೇ ಇತ್ತು. ಇಷ್ಟು ವರ್ಷ ಊಟದ ತಟ್ಟೆ ಮುಂದೆ ನಾನು ಹೇಳಿದ್ದು ಸುಳ್ಳಲ್ಲ.

ಮೆಷಿನ್ ಬಂದ್ ಮಾಡಿದೆ. ಕನ್ನಡಿಯಲ್ಲಿ ಮೊದಲ ಸಲ ಅವನ ಮುಖ ನೋಡಿದೆ. ಅವನು ಆ ರಸ್ತೆ ನೋಡುತ್ತಿದ್ದ.

“ಕ್ಷಮಿಸಿ. ನನಗೆ ನಿಜವಾಗ್ಲೂ ಬರಲ್ಲ” ಅಂದೆ.

ಒಂದು ದಿನವೂ ಮುಟ್ಟದ ಕೈಗೆ ಎಲ್ಲಿಂದ ಬರಬೇಕು? ನಾನು ಹೇಳುತ್ತ ಬಂದ ಸುಳ್ಳು ಯಾವತ್ತೋ ನಿಜವಾಗಿ ಹೋಗಿತ್ತು, ನನಗೇ ಗೊತ್ತಿರಲಿಲ್ಲ. ಬೇರೆಯವರು ಬಂಡಾಯ ಎದ್ದರೆ ಸಿಂಹಾಸನ ಉರುಳುತ್ತದೆ. ನಾನು ಎದ್ದರೆ ಉರುಳಿದ್ದು ಭಾವಿ ಅಳಿಯನ ಕೂದಲು, ಅದೂ ಒಂದು ಪಟ್ಟೆ. ಅವನ ತಲೆಗೆ ನನ್ನ ಕರ್ಚೀಫು ಕಟ್ಟಿದೆ. ನನ್ನ ಕತ್ತರಿಗಳನ್ನು ಚೀಲಕ್ಕೆ ಹಾಕಿಕೊಂಡೆ, ಮಗಳ ಮೆಷಿನ್ನನ್ನೂ. ಕೆಲಸದವನು ಅಂತ ಯಾವಾಗಲೂ ಹಿಂಬಾಗಿಲಿನಿಂದ ಓಡಾಡುತ್ತಿದ್ದವನು ಅವತ್ತು ಮುಂಬಾಗಿಲಿನಿಂದ ಹೊರಗೆ ಬಂದೆ. ಕೆಲಸ ಹೋದ ಮೇಲೆ ಬಾಗಿಲಿಗೇನು ಬರ.

ರಸ್ತೆಯಲ್ಲಿ ಸ್ವಲ್ಪ ದೂರ ನಡೆದೆವು. ಆಮೇಲೆ ಅವನು ನ್ಯಾಯವಾಗಿಯೇ ಬೈದ. ಒಂದು ತಲೆ ಕೊಡಿ ಅಂತ ಕೇಳಿ ಹೀಗೆ ಮಾಡ್ತೀರಾ, ನಾಳೆ ಕೆಲಸಕ್ಕೆ ಹೇಗೆ ಹೋಗಲಿ ಅಂದ. ಬೈಯುತ್ತ ಬೈಯುತ್ತಲೇ ನಗು ಬಂದುಬಿಟ್ಟಿತು. ಬ್ಯಾಂಕಿನವರು ಬಾಗಿಲಿಂದ ತಿರುಗಿ ಬಂದದ್ದು ಅವನಿಗೂ ಕಂಡಿತ್ತು. ಮಗಳಿಗೆ ಫೋನ್ ಮಾಡಿ, ನಿಮ್ಮಪ್ಪ ನನ್ನ ತಲೆಯಲ್ಲಿ ರಸ್ತೆ ಹಾಕಿದ್ದಾರೆ, ಬಂದು ನೋಡು ಅಂದ. ಅವನ ಫೋನ್ ಅವಳು ಎತ್ತಿದಳು.

ಮನೆಯಲ್ಲಿ ಹೆಂಡತಿ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಮಗಳು ಓಡುತ್ತ ಬಂದು ಕರ್ಚೀಫು ಬಿಚ್ಚಿ ನೋಡಿದಳು. ಮೊದಲು ನಕ್ಕಳು, ಆಮೇಲೆ ನನ್ನ ಕಡೆ ತಿರುಗಿದಳು, ಆಮೇಲೆ ಅತ್ತಳು. ಕೆಲಸ ಹೋಯಿತು ಅಂದೆ. ಹೆಂಡತಿ ಹುಡುಗನ ತಲೆ ನೋಡಿದಳು, ನನ್ನನ್ನು ನೋಡಿದಳು, ಸೊಂಟ ಹಿಡಿದುಕೊಂಡು ಎದ್ದಳು. ನೀರು ಬಿಸಿ ಮಾಡಿದಳು. ನನ್ನ ಗಡ್ಡದ ಬ್ರಷ್ಷು, ಸೋಪು, ರೇಜರ್ ತಂದಳು. ಅಡುಗೆಮನೆಯಲ್ಲಿ ಸ್ಟೂಲು ಹಾಕಿ ಅವನನ್ನು ಕೂರಿಸಿದಳು.

“ನಿನಗೆ ಬರುತ್ತೇನೇ?” ಅಂದೆ.

“ಆಪರೇಷನ್‌ಗೆ ಮುಂಚೆ ತಲೆ ಬೋಳಿಸೋದು ಡಾಕ್ಟ್ರು ಅಂದ್ಕೊಂಡಿದ್ರಾ? ಎಲ್ಲಾ ಥರದ ತಲೆ ನೋಡಿದ್ದೀನಿ. ಪಕ್ಕಕ್ಕೆ ನಿಂತ್ಕೊಳ್ಳಿ.”

ಅವಳು ಎಡಗೈ ಅವನ ನೆತ್ತಿಯ ಮೇಲಿಟ್ಟಳು. ಬೆಚ್ಚಗಿನ ನೀರಲ್ಲಿ ಕೂದಲು ನೆನೆಸಿದಳು. ಕೂದಲು ಯಾವ ಕಡೆ ಬೆಳೆದಿದೆಯೋ ಆ ಕಡೆಗೇ, ಅವಸರವಿಲ್ಲದೆ ರೇಜರ್ ಇಳಿಸಿದಳು. ಅಭ್ಯಾಸಬಲದಿಂದ ಹುಡುಗ ಮುಂದಕ್ಕೆ ಬಾಗಿದ. ತಲೆ ಎತ್ತು ಅಂದಳು. ನಾನು ಜೀವನವಿಡೀ ಮಂದಿಗೆ ಬಗ್ಗಿಸಿ ಅಂದವನು. ಎತ್ತಿದರೂ ಕೆಲಸ ಆಗುತ್ತದೆ ಅಂತ ಅವತ್ತೇ ನೋಡಿದ್ದು.

ಅರ್ಧ ತಲೆ ಆಯಿತು. ಆಮೇಲೆ ಅವಳು ಅವನಿಗೇ ಹೇಳಿದಳು, ರೇಜರ್ ನಿಲ್ಲಿಸದೆ.

“ಈ ಮದುವೆಗೆ ನಾನು ಒಪ್ಪಿಲ್ಲ ಕಣಪ್ಪ. ನಿನ್ನ ಮೇಲೆ ಕೋಪ ಇಲ್ಲ. ನಿಮ್ಮ ಸಾಲಿನ ಬೆಲ್‌ಗೆ ಯಾರೂ ಹೋಗಲ್ಲ. ಆ ಯಾರೂ ಅನ್ನೋದ್ರಲ್ಲಿ ನಾನೂ ಇದ್ದೀನಿ. ಗೋಡೆ ಸಾಲು ಆಮೇಲೆ ಅಂತ ಸಿಸ್ಟರ್ ಹೇಳ್ತಾರೆ. ನಾನು ಆಮೇಲೆ ಅಂತ ಬಿಡ್ತೀನಿ. ನನ್ನಂಥೋಳ ಕೈಗೆ ನನ್ನ ಮಗಳು ಸಿಕ್ಬಾರ್ದು.”

ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಇಬ್ಬರಲ್ಲಿ ಅಮ್ಮನಾದರೂ ನೇರ ಅಂತ ನಂಬಿದ್ದವಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

“ಗೊತ್ತು ಆಂಟಿ” ಅಂದ ಹುಡುಗ. “ನಮಗೆಲ್ಲ ಗೊತ್ತು. ಅದಕ್ಕೇ ನಾವು ಬೆಲ್ ನಂಬೋದು ಬಿಟ್ಟು, ಮನೆಯವರೆಲ್ಲ ಸರದಿ ಮೇಲೆ ಬಂದು ಹಾಸಿಗೆ ಪಕ್ಕ ನೆಲದ ಮೇಲೆ ಕೂತಿರ್ತೀವಿ. ಎತ್ತೋಕೆ, ನೀರು ಕೊಡೋಕೆ ಯಾರಾದ್ರೂ ಬೇಕಲ್ಲ.”

ರೇಜರ್ ನಿಂತಿತು. ನೆಲ ಒರೆಸಲು ಜಾಗ ಬಿಡಿ, ಎದ್ದು ಹೋಗಿ ಅಂತ ಅವಳು ಎಷ್ಟು ಜನರನ್ನು ಎಬ್ಬಿಸಿ ಕಳಿಸಿದ್ದಳೋ. ಅವಳ ಕೈ ಅವನ ನೆತ್ತಿಯ ಮೇಲೆ ಹಾಗೇ ಇತ್ತು, ಸೋಪಿನ ನೊರೆ ಮೊಣಕೈಗೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ರೇಜರ್ ನೀರಲ್ಲಿ ಅದ್ದಿ ಉಳಿದರ್ಧ ಮುಗಿಸಿದಳು. ಒಂದು ಗೀರೂ ಬೀಳಲಿಲ್ಲ. ಸೆರಗಿನಿಂದ ತಲೆ ಒರೆಸಿದಳು. ಒರೆಸಿ ಆದ ಮೇಲೂ ಒಂದು ಸಲ ಸವರಿದಳು.

ಅವತ್ತು ಮಗಳು ಮನೆಯಲ್ಲೇ ಮಲಗಿದಳು. ನಮ್ಮಿಬ್ಬರ ಜೊತೆಯೂ ಮಾತಾಡಲಿಲ್ಲ, ಆದರೆ ಬ್ಯಾಗಿನಿಂದ ಬಟ್ಟೆ ತೆಗೆದು ಬೀರುವಿನಲ್ಲಿ ಇಟ್ಟಳು. ಹುಡುಗ ಹೋಗುವಾಗ, ಕಲಿಯಬೇಕಿದ್ದರೆ ನಮ್ಮಮ್ಮನ ಹತ್ತಿರ ಬನ್ನಿ, ಆದರೆ ಮೊದಲು ಸ್ವಂತ ತಲೆ ತನ್ನಿ ಅಂತ ನನಗೆ ಹೇಳಿ ಹೋದ.

ಬೆಳಿಗ್ಗೆ ಹೆಂಡತಿ ಡ್ಯೂಟಿಗೆ ಸಿದ್ಧವಾದಳು. ನಾನು ಕೆಲಸವಿಲ್ಲದ ಗಂಡ. ಅವಳ ಊಟದ ಡಬ್ಬಿ ತುಂಬಿ ಮುಚ್ಚಳ ಒತ್ತುತ್ತಿದ್ದೆ. ಅವಳು ಚಪ್ಪಲಿ ಮೆಟ್ಟಿಕೊಂಡು ನನ್ನ ಕಡೆ ನೋಡದೆ ಅಂದಳು:

“ಇವತ್ತು ಗೋಡೆ ಸಾಲಿಗೆ ಮೊದಲು ಹೋಗ್ತೀನಿ. ಸಿಸ್ಟರ್ ಸುಮ್ನಿರಲ್ಲ. ನನ್ನ ಕೆಲ್ಸಾನೂ ಹೋದ್ರೆ ಇಬ್ರೂ ಮನೇಲಿ ಕೂತು ಜಗಳ ಆಡೋಣ. ಮದುವೆಗೆ ನಾನಿನ್ನೂ ಒಪ್ಪಿಲ್ಲ, ನೆನಪಿರಲಿ.”

ನನ್ನ ಎದೆ ಉಬ್ಬಿತು. ಇಂಥ ಹೊತ್ತಿಗೆ ಒಂದು ಮಾತು ಹೇಳಲೇಬೇಕು ಅನ್ನಿಸಿತು. ಬಾಯಿ ತೆರೆದೆ.

“ಬೇಡ” ಅಂದಳು.

ಬಾಯಿ ಮುಚ್ಚಿಕೊಂಡು ಡಬ್ಬಿ ಕೈಗೆ ಕೊಟ್ಟೆ.